ಟೇಸರ್ ಯಾವುದರ ಬದಲಿಗೆ, ಕ್ಯಾಮೆರಾ ಯಾರ ಕೈಯಲ್ಲಿ?

2016ರ ಆಗಸ್ಟ್ 15ರ ನಸುಕಿನಲ್ಲಿ ಇಂಗ್ಲೆಂಡಿನ ಟೆಲ್‌ಫರ್ಡ್‌ನಲ್ಲಿ ಡೇಲಿಯನ್ ಅಟ್ಕಿನ್ಸನ್ ಎಂಬ ಮಾಜಿ ಫುಟ್‌ಬಾಲ್ ಆಟಗಾರ ಪೊಲೀಸರೊಂದಿಗಿನ ಮುಖಾಮುಖಿಯ ನಂತರ ತೀರಿಕೊಂಡರು. ಅವರ ಮನಸ್ಸು ಅಂದು ಸ್ಥಿಮಿತದಲ್ಲಿರಲಿಲ್ಲ. ತಂತಿ ಕಟ್ಟಿದ ಮುಳ್ಳು ಹಾರಿಸಿ ಮೈಗೆ ಕರೆಂಟು ಹರಿಸುವ ಸಾಧನ ಟೇಸರ್. ಪೊಲೀಸರ ಮೊದಲ ಎರಡು ಟೇಸರ್ ಹೊಡೆತಗಳಿಂದ ಏನೂ ಆಗಲಿಲ್ಲ, ಮೂರನೆಯದಕ್ಕೆ ನೆಲಕ್ಕುರುಳಿದರು. ಟೇಸರಿನ ಟ್ರಿಗರನ್ನು ಒಮ್ಮೆ ಒತ್ತಿ ಬಿಟ್ಟರೆ ಐದು ಸೆಕೆಂಡ್ ಕರೆಂಟು ಹರಿದು ತಾನಾಗಿಯೇ ನಿಲ್ಲುತ್ತದೆ. ಒತ್ತಿ ಹಿಡಿದರೆ ನಿಲ್ಲುವುದಿಲ್ಲ. ಅಟ್ಕಿನ್ಸನ್ ಮೇಲೆ ಅದು 33 ಸೆಕೆಂಡ್ ಚಾಲನೆಯಲ್ಲಿತ್ತು. ಆಮೇಲೆ ತಲೆಗೆ ಬೂಟುಗಾಲಿನ ಒದೆತಗಳೂ ಬಿದ್ದವು. 2021ರಲ್ಲಿ ಆ ಪೊಲೀಸನಿಗೆ ನರಹತ್ಯೆಯ ಅಪರಾಧಕ್ಕೆ ಎಂಟು ವರ್ಷ ಜೈಲಾಯಿತು.

33 ಎಂಬ ಲೆಕ್ಕವನ್ನು ಯಾರೂ ಗಡಿಯಾರ ನೋಡಿ ಹೇಳಲಿಲ್ಲ. ಟ್ರಿಗರ್ ಯಾವಾಗ ಒತ್ತಲಾಯಿತು, ಎಷ್ಟು ಹೊತ್ತು ಹಿಡಿಯಲಾಯಿತು ಎಂಬುದನ್ನೆಲ್ಲ ಟೇಸರ್ ತನ್ನೊಳಗೇ ದಾಖಲಿಸಿಕೊಳ್ಳುತ್ತದೆ. ಹೊಡೆಯುವ ಸಾಧನವೇ ಹೊಡೆತದ ಲೆಕ್ಕವನ್ನೂ ಇಡುವುದು ವಿಚಿತ್ರವೆನಿಸಬಹುದು. ಆದರೆ ಕಳೆದ ಎರಡು ದಶಕಗಳಲ್ಲಿ ಪೊಲೀಸರ ಸೊಂಟಕ್ಕೆ ಬಂದ ಟೇಸರ್ ಮತ್ತು ಎದೆಗೆ ಬಂದ ಕ್ಯಾಮೆರಾ, ಎರಡನ್ನೂ ಹೀಗೆ ಒಟ್ಟಿಗೇ ನೋಡಬೇಕು. ಪೊಲೀಸರ ಬಲಪ್ರಯೋಗವನ್ನು ಹದ್ದುಬಸ್ತಿಗೆ ತರುತ್ತವೆ ಎಂಬ ಭರವಸೆಯ ಮೇಲೆಯೇ ಎರಡೂ ಬಂದವು. ಭರವಸೆ ಎಷ್ಟರ ಮಟ್ಟಿಗೆ ಈಡೇರಿತು ಎಂದು ತಿಳಿಯಲು ಟೇಸರ್ ಬಗ್ಗೆ ಒಂದು ಪ್ರಶ್ನೆ ಕೇಳಬೇಕು: ಅದನ್ನು ಯಾವುದರ ಬದಲಿಗೆ ಬಳಸಿದರು? ಕ್ಯಾಮೆರಾ ಬಗ್ಗೆ ಇನ್ನೊಂದು: ಅದರ ಗುಂಡಿಯೂ ಅದು ಹಿಡಿದ ವಿಡಿಯೊವೂ ಯಾರ ಕೈಯಲ್ಲಿವೆ?

ಮೈಯೊಳಗೆ ಏನಾಗುತ್ತದೆ

ಟೇಸರನ್ನು 1970ರ ದಶಕದ ಮೊದಲಲ್ಲಿ ರೂಪಿಸಿದವರು ಜ್ಯಾಕ್ ಕವರ್ ಎಂಬ ಅಮೆರಿಕದ ಭೌತವಿಜ್ಞಾನಿ. ಅವರ ಮೊದಲ ಮಾದರಿ ಮದ್ದಿನ ಪುಡಿಯ ಬಲದಿಂದ ಸಿಡಿಯುತ್ತಿದ್ದ ಕಾರಣ ಅಲ್ಲಿನ ಸರ್ಕಾರ ಅದನ್ನು ಬಂದೂಕುಗಳ ಪಟ್ಟಿಗೇ ಸೇರಿಸಿತು. 1993ರಲ್ಲಿ ಅರಿಜೋನಾದ ರಿಕ್ ಸ್ಮಿತ್ ಮತ್ತು ಟಾಮ್ ಸ್ಮಿತ್ ಸಹೋದರರು ಕಂಪನಿ ಕಟ್ಟಿ, ಮದ್ದಿನ ಬದಲು ಒತ್ತಿ ತುಂಬಿದ ನೈಟ್ರೋಜನ್ ಬಳಸಿದರು. ಬಂದೂಕಿನ ಹಣೆಪಟ್ಟಿ ಕಳಚಿತು, ಮಾರುಕಟ್ಟೆ ತೆರೆದುಕೊಂಡಿತು.

ಬಹುಕಾಲ ಬಳಕೆಯಲ್ಲಿದ್ದ ಮಾದರಿಗಳಲ್ಲಿ ಒಂದು ಕಾರ್ಟ್ರಿಜ್‌ನಿಂದ ಎರಡು ಮುಳ್ಳುಗಳು ಹಾರುತ್ತವೆ. ಪ್ರತಿಯೊಂದರ ಹಿಂದೆ ಕೂದಲೆಳೆಯಂಥ ತಂತಿ. ಮೇಲಿನ ಮುಳ್ಳು ನೇರವಾಗಿ ಹೋದರೆ ಕೆಳಗಿನದು ಸುಮಾರು ಎಂಟು ಡಿಗ್ರಿ ಕೆಳಮುಖವಾಗಿ ಹೋಗುತ್ತದೆ. ಹೀಗಾಗಿ ದೂರ ಹೆಚ್ಚಿದಷ್ಟೂ ಎರಡರ ನಡುವಿನ ಅಂತರ ಹಿಗ್ಗುತ್ತದೆ, ಸುಮಾರು ಏಳು ಅಡಿಗೆ ಒಂದು ಅಡಿಯಂತೆ. ಇದನ್ನು ನೆನಪಿಟ್ಟುಕೊಳ್ಳಿ, ಟೇಸರಿನ ಅರ್ಧ ಕಥೆ ಈ ಅಂತರದಲ್ಲೇ ಇದೆ. ಎರಡೂ ಮುಳ್ಳುಗಳು ನಾಟಿದಾಗ ಮಾತ್ರ ಸರ್ಕೀಟು ಪೂರ್ಣವಾಗುತ್ತದೆ. ನಡುವೆ ಸಿಕ್ಕ ಸ್ನಾಯುಗಳನ್ನು ನಡೆಸುವ ನರಗಳಿಗೆ ಸೆಕೆಂಡಿಗೆ ಸುಮಾರು 19 ಸಲ ಮಿಡಿತ ತಲುಪುತ್ತದೆ. ಮಿದುಳು ಏನು ಹೇಳಿದರೂ ಸ್ನಾಯು ಕೇಳುವುದಿಲ್ಲ, ಬಿಗಿದುಕೊಂಡೇ ಇರುತ್ತದೆ. ಮನುಷ್ಯ ನಿಂತಲ್ಲಿಂದ ಮರದ ಕೊರಡಿನಂತೆ ಬೀಳುತ್ತಾನೆ, ಬೀಳುವಾಗ ಕೈ ಊರಲೂ ಆಗುವುದಿಲ್ಲ.

ಪತ್ರಿಕೆಗಳಲ್ಲಿ ಬರುವ '50,000 ವೋಲ್ಟ್' ನೋಡಿ ದಿಗಿಲಾಗುವುದು ಸಹಜ. ಎಕ್ಸ್26 ಎಂಬ ಹೆಸರಾಂತ ಮಾದರಿಯಲ್ಲಿ ಅಷ್ಟು ವೋಲ್ಟೇಜ್ ಬೇಕಾಗುವುದು ಗಾಳಿಯ ಅಥವಾ ಬಟ್ಟೆಯ ತೆರವನ್ನು ಕಿಡಿ ದಾಟುವುದಕ್ಕೆ. ಮೈಗೆ ತಾಗುವುದು ಸುಮಾರು 1,200 ವೋಲ್ಟ್. ಸರಾಸರಿ ಕರೆಂಟು ಕೆಲವೇ ಮಿಲಿಆಂಪ್, ಒಂದೊಂದು ಮಿಡಿತವೂ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಹೊತ್ತಿನದು. ಗೋಡೆಯ ಪ್ಲಗ್ಗಿನ ಕರೆಂಟಿಗೂ ಇದಕ್ಕೂ ಹೋಲಿಕೆ ಸಲ್ಲದು. 'ಇಷ್ಟು ವೋಲ್ಟ್ ಹರಿಸಿ ಕೊಂದರು' ಎಂಬ ಶೀರ್ಷಿಕೆಗಳು ನಿಜವಾದ ಅಪಾಯವನ್ನು ತಪ್ಪು ಜಾಗದಲ್ಲಿ ತೋರಿಸುತ್ತವೆ.

ಮುಳ್ಳು ಹಾರಿಸದೆ ಸಾಧನದ ಮೂತಿಯನ್ನೇ ಮೈಗೊತ್ತಿ ಕರೆಂಟು ಬಿಡುವುದೂ ಉಂಟು. ಇದಕ್ಕೆ 'ಡ್ರೈವ್ ಸ್ಟನ್' ಎನ್ನುತ್ತಾರೆ. ಇಲ್ಲಿ ಎರಡು ತುದಿಗಳ ನಡುವೆ ಇರುವುದು ಕೆಲವೇ ಸೆಂಟಿಮೀಟರ್, ಹಾಗಾಗಿ ದೇಹ ಕೊರಡಾಗುವುದಿಲ್ಲ, ನೋವು ಮಾತ್ರ ಆಗುತ್ತದೆ. ನೋವಾದರೆ ಮಾತು ಕೇಳುತ್ತಾರೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಅಮಲಿನಲ್ಲಿರುವವರ, ಬುದ್ಧಿಭ್ರಮಣೆಯಾದವರ ವಿಷಯದಲ್ಲಿ ಈ ಲೆಕ್ಕಾಚಾರ ಪದೇ ಪದೇ ತಪ್ಪುತ್ತದೆ. ನೋವಿಗೆ ಮೈ ಒದ್ದಾಡುತ್ತದೆ, ಒದ್ದಾಟ ಪ್ರತಿರೋಧದಂತೆ ಕಾಣುತ್ತದೆ, ಇನ್ನೊಂದು ಸಲ ಒತ್ತುತ್ತಾರೆ.

ಕೈಕೊಡುವ ಟೇಸರ್

ಅಂತರದ ಮಾತಿಗೆ ಬರೋಣ. ಸ್ನಾಯುಗಳು ಸರಿಯಾಗಿ ಬಿಗಿದುಕೊಳ್ಳಬೇಕಾದರೆ ಮುಳ್ಳುಗಳ ನಡುವೆ ಹೆಚ್ಚುಕಡಿಮೆ ಒಂದು ಅಡಿ ಇರಬೇಕು. ಅಂದರೆ ಎದುರಿಗಿರುವವನು ಏಳು ಅಡಿಗಿಂತ ಹತ್ತಿರವಿದ್ದರೆ ಹೊಡೆತ ಸಾಲದೆ ಹೋಗಬಹುದು. ತೀರಾ ದೂರವಿದ್ದರೆ ಒಂದು ಮುಳ್ಳು ತಪ್ಪಿಹೋಗಬಹುದು. ದಪ್ಪನೆಯ ಸಡಿಲ ಜಾಕೆಟ್ ತೊಟ್ಟಿದ್ದರೆ ಮುಳ್ಳು ಚರ್ಮಕ್ಕೆ ತಲುಪದೆ ಬಟ್ಟೆಯಲ್ಲೇ ನೇತಾಡಬಹುದು. ಪೊಲೀಸರಿಗೆ ಅತಿ ಹೆಚ್ಚು ಅಪಾಯ ಇರುವುದು ಎದುರಾಳಿ ಮೈಮೇಲೆ ಬಂದಾಗ. ಟೇಸರ್ ಅತಿ ದುರ್ಬಲವಾಗುವುದೂ ಅಷ್ಟೇ ಹತ್ತಿರದಲ್ಲಿ.

ಅಮೆರಿಕದ ಎಪಿಎಂ ರಿಪೋರ್ಟ್ಸ್ ಎಂಬ ಸುದ್ದಿಸಂಸ್ಥೆ 2019ರಲ್ಲಿ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ, 2015ರಿಂದ 2017ರವರೆಗಿನ ಮೂರು ವರ್ಷಗಳಲ್ಲಿ 250ಕ್ಕೂ ಹೆಚ್ಚು ಘಟನೆಗಳಲ್ಲಿ ಟೇಸರ್ ಕೆಲಸ ಮಾಡದೆ ಹೋಗಿ, ಕೊನೆಗೆ ಪೊಲೀಸರು ಗುಂಡು ಹಾರಿಸಿ ಕೊಂದಿದ್ದರು. ತಾಗಿಯೂ ತಾಗದ ಹೊಡೆತ ಎದುರಿಗಿರುವವನನ್ನು ಇನ್ನಷ್ಟು ಕೆರಳಿಸಿದ ಉದಾಹರಣೆಗಳೂ ಅವುಗಳಲ್ಲಿವೆ.

ಇನ್ನೊಂದು ಬಗೆಯ ತಪ್ಪು ಅಪರೂಪದ್ದು, ಆದರೆ ಭೀಕರ. 2021ರ ಏಪ್ರಿಲ್ 11ರಂದು ಮಿನೆಸೋಟದ ಬ್ರೂಕ್ಲಿನ್ ಸೆಂಟರ್‌ನಲ್ಲಿ ಅಧಿಕಾರಿ ಕಿಮ್ ಪಾಟರ್ 'ಟೇಸರ್, ಟೇಸರ್' ಎಂದು ಕೂಗುತ್ತಾ ಪಿಸ್ತೂಲನ್ನು ಹಾರಿಸಿದರು. 20 ವರ್ಷದ ಡಾಂಟೆ ರೈಟ್ ಸತ್ತರು. ಟೇಸರಿಗೆ ಹಳದಿ ಬಣ್ಣ ಕೊಡುವುದು, ಅದನ್ನು ಬಳಕೆಯ ಕೈಗೆ ಎದುರಿನ ಸೊಂಟದಲ್ಲಿ ಇಡಿಸುವುದು ಇಂಥ ಗೊಂದಲ ತಪ್ಪಿಸಲೆಂದೇ. ಆ ದಿನ ಎರಡೂ ಉಪಯೋಗಕ್ಕೆ ಬರಲಿಲ್ಲ. ಪಾಟರ್ ಎದೆಯ ಮೇಲಿನ ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿದಿತ್ತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಅಪರಾಧಿಯೆಂದು ತೀರ್ಪಾಯಿತು.

ಸಾವಿನ ಪ್ರಶ್ನೆ ಇದಕ್ಕಿಂತ ಜಟಿಲ. ರಾಯಿಟರ್ಸ್ 2017ರಲ್ಲಿ ದಾಖಲೆಗಳನ್ನು ಜಾಲಾಡಿ, ಟೇಸರ್ ಪ್ರಯೋಗದ ನಂತರ ಅಮೆರಿಕದಲ್ಲಿ 1,005 ಮಂದಿ ಸತ್ತಿದ್ದಾರೆಂದು ವರದಿ ಮಾಡಿತು. ಅವುಗಳಲ್ಲಿ 153 ಪ್ರಕರಣಗಳಲ್ಲಿ ಮಾತ್ರ ಟೇಸರೇ ಕಾರಣ ಅಥವಾ ಒಂದು ಕಾರಣ ಎಂದು ಶವಪರೀಕ್ಷೆಯ ಅಧಿಕಾರಿಗಳು ಬರೆದಿದ್ದರು. ಎರಡು ಸಂಖ್ಯೆಗಳ ನಡುವಿನ ಕಂದಕಕ್ಕೆ ಕಾರಣ ಹಲವು: ಸತ್ತವರಲ್ಲಿ ಎಷ್ಟೋ ಜನರಿಗೆ ಹೃದ್ರೋಗವಿತ್ತು, ಅಮಲು ಪದಾರ್ಥ ಮೈಯಲ್ಲಿತ್ತು, ಟೇಸರಿನ ಜೊತೆಗೆ ಪೊಲೀಸರು ಅವರನ್ನು ಬೋರಲಾಗಿ ಅದುಮಿ ಹಿಡಿದಿದ್ದರು. ಯಾವ ಎಳೆ ಜೀವ ತೆಗೆಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಇದೇ ಮಸುಕಿನಲ್ಲಿ 'ಎಕ್ಸೈಟೆಡ್ ಡಿಲೀರಿಯಂ' ಎಂಬ, ವಿಪರೀತ ಉದ್ರೇಕದಿಂದಲೇ ಸತ್ತರು ಎನ್ನುವ ರೋಗನಿದಾನವೂ ವರ್ಷಾನುಗಟ್ಟಲೆ ಚಲಾವಣೆಯಲ್ಲಿತ್ತು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2021ರಲ್ಲಿ ಅದನ್ನು ತಿರಸ್ಕರಿಸಿತು. ಅದಕ್ಕೆ ಬೆನ್ನೆಲುಬಾಗಿದ್ದ ತುರ್ತುಚಿಕಿತ್ಸಾ ವೈದ್ಯರ ಸಂಘದ 2009ರ ಪ್ರಬಂಧವನ್ನು ಆ ಸಂಘವೇ 2023ರಲ್ಲಿ ಹಿಂತೆಗೆದುಕೊಂಡಿತು. ಟೇಸರ್ ಕಂಪನಿಯೂ 2009ರಲ್ಲೇ ತನ್ನ ತರಬೇತಿ ಸೂಚನೆ ಬದಲಿಸಿ, ಸಾಧ್ಯವಾದಷ್ಟೂ ಎದೆಗೆ ಗುರಿಯಿಡಬೇಡಿ ಎಂದಿತ್ತು. ಮೂರು ಸಲಕ್ಕಿಂತ ಹೆಚ್ಚು, ಅಂದರೆ ಒಟ್ಟು 15 ಸೆಕೆಂಡ್ ಮೀರಿ ಕರೆಂಟು ಕೊಟ್ಟರೆ ಅಪಾಯ ಏರಬಹುದೆಂದು ಅಮೆರಿಕದ ಪೊಲೀಸ್ ಮುಖ್ಯಸ್ಥರ ಸಂಶೋಧನಾ ವೇದಿಕೆ 2011ರ ಮಾರ್ಗಸೂಚಿಯಲ್ಲಿ ಎಚ್ಚರಿಸಿತು.

ಯಾವುದರ ಬದಲಿಗೆ?

2014ರ ಅಕ್ಟೋಬರ್ 20ರ ರಾತ್ರಿ ಶಿಕಾಗೋದಲ್ಲಿ ಚಾಕು ಹಿಡಿದು ನಡೆಯುತ್ತಿದ್ದ 17ರ ಹುಡುಗ ಲಕ್ವಾನ್ ಮೆಕ್‌ಡೊನಾಲ್ಡ್‌ನನ್ನು ಹಿಂಬಾಲಿಸುತ್ತಿದ್ದ ಪೊಲೀಸರು, ಟೇಸರ್ ಇರುವ ವಾಹನ ಕಳಿಸಿ ಎಂದು ವೈರ್‌ಲೆಸ್‌ನಲ್ಲಿ ಕೇಳಿದ್ದರು. ಅದು ಬರುವ ಮೊದಲೇ ಬಂದಿಳಿದ ಇನ್ನೊಬ್ಬ ಅಧಿಕಾರಿ 16 ಗುಂಡು ಹೊಡೆದ. ಅಲ್ಲಿ ಟೇಸರ್ ಪಿಸ್ತೂಲಿನ ಬದಲಿಗೆ ಬರಬೇಕಿತ್ತು. ಬಂದಿದ್ದರೆ ಹುಡುಗ ಬದುಕುತ್ತಿದ್ದನೋ ಏನೋ. ಟೇಸರ್ ಪರವಾದ ವಾದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಡ.

ಈಗ ಇದರ ಪಕ್ಕದಲ್ಲಿ 2005ರ ಒಂದು ಘಟನೆ ಇಡಿ. ಕ್ಯಾಲಿಫೋರ್ನಿಯಾದ ಕೊರೊನಾಡೋದಲ್ಲಿ ಸೀಟ್ ಬೆಲ್ಟ್ ಹಾಕದ ಯುವಕನೊಬ್ಬನನ್ನು ಪೊಲೀಸರು ತಡೆದರು. ತನ್ನ ಮೇಲೆಯೇ ಸಿಟ್ಟಾಗಿ ಕಾರಿನಿಂದಿಳಿದು ತೊಡೆ ಬಡಿದುಕೊಳ್ಳುತ್ತಾ ನಿಂತ. ಮೈಮೇಲಿದ್ದದ್ದು ಬಾಕ್ಸರ್ ಚಡ್ಡಿ ಮತ್ತು ಬೂಟು. ಕೈಯಲ್ಲಿ ಏನೂ ಇಲ್ಲ, ನಿಂತದ್ದು ಸುಮಾರು 20 ಅಡಿ ದೂರದಲ್ಲಿ. ಟೇಸರ್ ಹೊಡೆತಕ್ಕೆ ಮುಖ ಅಡಿಯಾಗಿ ಬಿದ್ದು ಹಲ್ಲು ಮುರಿದುಕೊಂಡ. 2011ರಲ್ಲಿ ನಾರ್ತ್ ಕ್ಯಾರೊಲೈನಾದ ಪೈನ್‌ಹರ್ಸ್ಟ್‌ನಲ್ಲಿ ಆಸ್ಪತ್ರೆಯಿಂದ ಹೊರಬಂದ ಮನೋರೋಗಿಯೊಬ್ಬರು ರಸ್ತೆಬದಿಯ ಫಲಕದ ಕಂಬವನ್ನು ತಬ್ಬಿ ಕೂತುಬಿಟ್ಟರು. ಕೈ ಬಿಡಿಸಲು ಐದು ಸಲ ಡ್ರೈವ್ ಸ್ಟನ್ ಕೊಟ್ಟರು. ಅವರು ಅಲ್ಲೇ ಪ್ರಜ್ಞೆ ತಪ್ಪಿ ಸತ್ತರು. ಈ ಎರಡು ಕಡೆ ಟೇಸರ್ ಬಂದದ್ದು ಪಿಸ್ತೂಲಿನ ಬದಲಿಗಲ್ಲ, ಮಾತಿನ ಬದಲಿಗೆ, ತಾಳ್ಮೆಯ ಬದಲಿಗೆ. ಮೇಲ್ಮನವಿ ನ್ಯಾಯಾಲಯಗಳು ಎರಡೂ ಪ್ರಕರಣಗಳಲ್ಲಿ ಬಲಪ್ರಯೋಗ ಮಿತಿಮೀರಿತ್ತೆಂದೇ ಹೇಳಿದವು. ಜೊತೆಗೆ, ಆ ಕಾಲಕ್ಕೆ ಕಾನೂನು ಸ್ಪಷ್ಟವಿರಲಿಲ್ಲ ಎಂಬ ಕಾರಣಕ್ಕೆ ಪೊಲೀಸರನ್ನು ಹೊಣೆಯಿಂದ ಬಿಡುಗಡೆಯನ್ನೂ ಮಾಡಿದವು! ಮುಂದಿನವರಿಗೆ ನಿಯಮ ಸಿಕ್ಕಿತು, ಹೊಡೆತ ತಿಂದವರಿಗೆ ಸಿಕ್ಕಿದ್ದು ಅಷ್ಟೇ.

ಆಸ್ಟ್ರೇಲಿಯಾದ ಕೂಮಾ ಪಟ್ಟಣದ ವೃದ್ಧಾಶ್ರಮದಲ್ಲಿ 2023ರ ಮೇ 17ರಂದು ನಡೆದದ್ದನ್ನು ಓದುವಾಗ ಸಂಕಟವಾಗುತ್ತದೆ. ಮರೆವಿನ ಕಾಯಿಲೆಯಿದ್ದ 95 ವರ್ಷದ ಕ್ಲೇರ್ ನೌಲ್ಯಾಂಡ್ ಊಟದ ಚಾಕುವೊಂದನ್ನು ಹಿಡಿದು, ವಾಕರ್ ಊರಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಚಾಕು ಕೆಳಗಿಡಿ ಎಂದು ಕೆಲವು ಸಲ ಹೇಳಿದ ಪೊಲೀಸ್ ಅಧಿಕಾರಿ, ಕೆಲವೇ ನಿಮಿಷಗಳಲ್ಲಿ ತಾಳ್ಮೆಗೆಟ್ಟು 'ಹಾಳಾಗಿ ಹೋಗಲಿ' ಎಂಬರ್ಥದ ಮಾತಾಡಿ ಟೇಸರ್ ಹಾರಿಸಿದ. ಅಜ್ಜಿ ಹಿಂದಕ್ಕೆ ಬಿದ್ದರು, ತಲೆಗೆ ಪೆಟ್ಟಾಗಿ ಮಿದುಳಿನಲ್ಲಿ ರಕ್ತಸ್ರಾವವಾಯಿತು, ಒಂದು ವಾರದಲ್ಲಿ ತೀರಿಹೋದರು. ಜೀವ ತೆಗೆದದ್ದು ಕರೆಂಟಲ್ಲ, ಬಿದ್ದ ಪೆಟ್ಟು. ಆ ಅಧಿಕಾರಿಯ ಆ ಒಂದು ಉದ್ಗಾರ ಬಾಡಿ ಕ್ಯಾಮೆರಾದಲ್ಲಿ ಉಳಿದಿತ್ತು. 2024ರ ನವೆಂಬರಿನಲ್ಲಿ ಜ್ಯೂರಿ ನರಹತ್ಯೆಯ ತೀರ್ಪು ಕೊಟ್ಟಿತು. ಜೈಲು ಶಿಕ್ಷೆ ಮಾತ್ರ ಆಗಲಿಲ್ಲ.

ಇದರರ್ಥ ಟೇಸರನ್ನು ಕಸದ ಬುಟ್ಟಿಗೆ ಹಾಕಬೇಕೆಂದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಟೇಸರನ್ನು ಹೊರತೆಗೆದರೂ ಸಾಕು, ಗುರಿ ತೋರಿಸುವ ಅದರ ಕೆಂಪು ಚುಕ್ಕೆಯನ್ನು ಮೈಮೇಲೆ ಬಿಟ್ಟರೂ ಸಾಕು, ಅದನ್ನು 'ಬಳಕೆ' ಎಂದೇ ದಾಖಲಿಸಬೇಕು. ಹಾಗೆ ದಾಖಲಾದ ಬಳಕೆಗಳಲ್ಲಿ ಬಹುಪಾಲು ಮುಳ್ಳು ಹಾರಿಸದೆಯೇ ಮುಗಿಯುತ್ತವೆ. ಲಾಠಿಯಿಂದ, ಕೈಕೈ ಮಿಲಾಯಿಸುವುದರಿಂದ ಮುರಿಯುತ್ತಿದ್ದ ಮೂಳೆಗಳು ಎಷ್ಟೋ ಕಡೆ ಉಳಿದಿವೆ ಎಂಬುದೂ ನಿಜ. 2007ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ ಪೋರ್ಚುಗಲ್‌ನ ಬಗ್ಗೆ ಬರೆಯುತ್ತಾ ಟೇಸರ್ ಬಳಕೆ ಒಂದು ಬಗೆಯ ಚಿತ್ರಹಿಂಸೆ ಎಂದದ್ದೂ, ಪೊಲೀಸರು ಅದನ್ನು ಜೀವರಕ್ಷಕ ಎನ್ನುವುದೂ ಒಂದೇ ವಸ್ತುವಿನ ಬಗ್ಗೆ.

ಕ್ಯಾಮೆರಾ ಬಂದ ಮೇಲೆ

ಪೊಲೀಸರ ಮೈಗೆ ಕ್ಯಾಮೆರಾ ಕಟ್ಟಿದ ಆರಂಭದ ಪ್ರಯೋಗಗಳಲ್ಲೊಂದು 2005-06ರ ಸುಮಾರಿಗೆ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆಯಿತು. ಜಗತ್ತಿನ ಗಮನ ಸೆಳೆದದ್ದು ಮಾತ್ರ ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಸಣ್ಣ ಊರು. 2012ರಲ್ಲಿ ಅಲ್ಲಿ ಒಂದು ವರ್ಷದ ಪ್ರಯೋಗ ಮಾಡಿದಾಗ ಬಲಪ್ರಯೋಗದ ಘಟನೆಗಳು ಅರ್ಧಕ್ಕಿಂತ ಕೆಳಗಿಳಿದವು, ಪೊಲೀಸರ ಮೇಲಿನ ದೂರುಗಳು ಸುಮಾರು ಶೇ. 88ರಷ್ಟು ಇಳಿದವು. 2014ರಲ್ಲಿ ಅಮೆರಿಕದ ಫರ್ಗ್ಯುಸನ್‌ನಲ್ಲಿ ಮೈಕಲ್ ಬ್ರೌನ್ ಪೊಲೀಸ್ ಗುಂಡಿಗೆ ಸತ್ತು ದೇಶ ಹೊತ್ತಿ ಉರಿದಾಗ, ಎಲ್ಲರ ಬಾಯಲ್ಲೂ ಈ ಅಂಕಿಗಳೇ ಇದ್ದವು. ಆದರೆ ವಾಷಿಂಗ್ಟನ್ ಡಿ.ಸಿ.ಯಲ್ಲಿ 2,224 ಅಧಿಕಾರಿಗಳನ್ನು ಸೇರಿಸಿ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದ 2017ರ ವರದಿ, ಕ್ಯಾಮೆರಾ ಇದ್ದವರಿಗೂ ಇಲ್ಲದವರಿಗೂ ಗಮನಿಸುವಂಥ ವ್ಯತ್ಯಾಸವೇ ಕಾಣಲಿಲ್ಲ ಎಂದಿತು.

ಎರಡರಲ್ಲಿ ಯಾವುದು ಸರಿ? ರಿಯಾಲ್ಟೊ ಅಧ್ಯಯನದಲ್ಲಿದ್ದ ಬರಾಕ್ ಏರಿಯಲ್ ಮತ್ತು ಸಂಗಡಿಗರೇ 2016ರಲ್ಲಿ ಹಲವು ಪೊಲೀಸ್ ಪಡೆಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸುಳಿವು ಸಿಕ್ಕಿತು. ಎಲ್ಲ ಭೇಟಿಗಳನ್ನೂ ಮೊದಲಿನಿಂದಲೇ ರೆಕಾರ್ಡ್ ಮಾಡಬೇಕೆಂಬ ನಿಯಮ ಪಾಲಿಸಿದ ಕಡೆ ಬಲಪ್ರಯೋಗ ಇಳಿದಿತ್ತು. ಯಾವಾಗ ಚಾಲೂ ಮಾಡಬೇಕೆಂಬುದನ್ನು ಅಧಿಕಾರಿಗಳು ತಮ್ಮ ಇಷ್ಟಕ್ಕೆ ಬಿಟ್ಟುಕೊಂಡ ಕಡೆ ಏರಿತ್ತು. ಕ್ಯಾಮೆರಾ ಒಂದೇ, ಗುಂಡಿಯ ಮೇಲಿನ ಅಧಿಕಾರ ಬೇರೆ.

ಈ ಗುಂಡಿಯ ಕಥೆಯಲ್ಲಿ ಬಾಲ್ಟಿಮೋರ್‌ನದ್ದೊಂದು ಸ್ವಾರಸ್ಯದ ಪ್ರಸಂಗವಿದೆ. ಬಾಡಿ ಕ್ಯಾಮೆರಾ ಸದಾ ಹಿನ್ನೆಲೆಯಲ್ಲಿ ನೋಡುತ್ತಲೇ ಇರುತ್ತದೆ. ಗುಂಡಿ ಒತ್ತಿದಾಗ ಅದಕ್ಕೂ ಹಿಂದಿನ 30 ಸೆಕೆಂಡಿನ ಚಿತ್ರವನ್ನು, ಧ್ವನಿಯಿಲ್ಲದೆ, ಸೇರಿಸಿ ಉಳಿಸುತ್ತದೆ. 2017ರಲ್ಲಿ ಅಲ್ಲಿನ ಅಧಿಕಾರಿಯೊಬ್ಬ ಮಾದಕ ವಸ್ತುವಿನ ಪೊಟ್ಟಣವನ್ನು ಕಸದಲ್ಲಿಟ್ಟು, ಬೀದಿಗೆ ಹೋಗಿ ಕ್ಯಾಮೆರಾ ಚಾಲೂ ಮಾಡಿ, ಮತ್ತೆ ಬಂದು ಅದನ್ನು 'ಪತ್ತೆ' ಮಾಡಿದ. ಆ ಮೊದಲಿನ 30 ಸೆಕೆಂಡ್ ಉಳಿದುಕೊಂಡಿತ್ತು! ಸಾಕ್ಷ್ಯ ಸೃಷ್ಟಿಸಿದ್ದಕ್ಕೆ ಅವನು ಅಪರಾಧಿಯಾದ. ಟೇಸರಿನ ಸೇಫ್ಟಿ ತೆಗೆದ ಕೂಡಲೇ ಹತ್ತಿರದ ಕ್ಯಾಮೆರಾಗಳೆಲ್ಲ ತಾವಾಗಿ ಚಾಲೂ ಆಗುವ ವ್ಯವಸ್ಥೆಯೂ ಈಗ ಇದೆ. ಒಳ್ಳೆಯದೇ. ಆದರೆ ಟೇಸರ್ ಹೊರಬರುವ ಮೊದಲು ಏನು ಮಾತಾಯಿತು, ಯಾರು ಯಾರನ್ನು ಕೆಣಕಿದರು ಎಂಬುದೇ ಮುಖ್ಯವಾದ ಕಡೆ ಈ ವ್ಯವಸ್ಥೆ ತಡವಾಗಿ ಎಚ್ಚರಗೊಳ್ಳುತ್ತದೆ.

ವಿಡಿಯೊ ಇದ್ದರೆ ಸಾಲದು, ಹೊರಬರಬೇಕು. ಮೆಕ್‌ಡೊನಾಲ್ಡ್ ಹತ್ಯೆಯನ್ನು ಪೊಲೀಸ್ ಕಾರಿನ ಕ್ಯಾಮೆರಾ ಹಿಡಿದಿತ್ತು. ಹುಡುಗ ಚಾಕು ಹಿಡಿದು ಮೇಲೇರಿ ಬಂದ ಎಂದು ಅಧಿಕಾರಿಗಳು ಬರೆದಿದ್ದರು, ಚಿತ್ರದಲ್ಲಿ ಅವನು ದೂರ ಸರಿದು ಹೋಗುತ್ತಿದ್ದ. ಆ ಚಿತ್ರ ಜನರಿಗೆ ಕಾಣಲು 13 ತಿಂಗಳು ಹಿಡಿಯಿತು, ಅದೂ ನ್ಯಾಯಾಲಯದ ಆದೇಶದ ಮೇಲೆ. ಅದೇ ಕಾರಣಕ್ಕೆ ದಾರಿಹೋಕರ ಫೋನು ಇಂದಿಗೂ ಮುಖ್ಯ. 2007ರಲ್ಲಿ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಭಾಷೆ ಬಾರದೆ ಗಂಟೆಗಟ್ಟಲೆ ಅಲೆದು ಕಂಗಾಲಾಗಿದ್ದ ಪೋಲೆಂಡಿನ ರಾಬರ್ಟ್ ಜೆಕಾನ್‌ಸ್ಕಿಯ ಮೇಲೆ, ಪೊಲೀಸರು ಬಂದ ಒಂದು ನಿಮಿಷದೊಳಗೆ ಟೇಸರ್ ಹಾರಿತು. ಒಟ್ಟು ಐದು ಸಲ. ಅವರು ಅಲ್ಲೇ ಸತ್ತರು. ಅವರ ಕೈಯಲ್ಲಿದ್ದದ್ದು ಒಂದು ಸ್ಟೇಪ್ಲರ್. ಸಹಪ್ರಯಾಣಿಕರೊಬ್ಬರ ವಿಡಿಯೊ ಇಲ್ಲದಿದ್ದರೆ ಪೊಲೀಸರ ಹೇಳಿಕೆಯೇ ಇತಿಹಾಸವಾಗಿ ಉಳಿಯುತ್ತಿತ್ತು. ಬ್ರೇಡ್‌ವುಡ್ ವಿಚಾರಣಾ ಆಯೋಗ ಟೇಸರ್ ಪ್ರಯೋಗಕ್ಕೆ ಸಮರ್ಥನೆಯಿಲ್ಲ ಎಂದಿತು. ನಾಲ್ವರಲ್ಲಿ ಇಬ್ಬರು ಪೊಲೀಸರು ಆಯೋಗದ ಮುಂದೆ ಸುಳ್ಳು ಹೇಳಿದ ಅಪರಾಧಕ್ಕೆ ಶಿಕ್ಷೆ ಅನುಭವಿಸಬೇಕಾಯಿತು.

ಎಲ್ಲ ಸರಿಯಿದ್ದು, ಗುಂಡಿ ಒತ್ತಿ, ವಿಡಿಯೊ ಹೊರಬಂದರೂ ಇನ್ನೊಂದು ತೊಡಕಿದೆ: ಎದೆಯ ಮೇಲಿನ ಕ್ಯಾಮೆರಾ ತನ್ನನ್ನು ಹೊತ್ತವನನ್ನು ತೋರಿಸುವುದಿಲ್ಲ. 2019ರ ಒಂದು ಮನೋವಿಜ್ಞಾನ ಅಧ್ಯಯನದಲ್ಲಿ ಒಂದೇ ಘಟನೆಯನ್ನು ಬಾಡಿ ಕ್ಯಾಮೆರಾದಿಂದ ನೋಡಿದವರು, ಕಾರಿನ ಕ್ಯಾಮೆರಾದಿಂದ ನೋಡಿದವರಿಗಿಂತ, ಅಧಿಕಾರಿ ಬೇಕೆಂದೇ ಮಾಡಿದ ಎಂದು ಹೇಳುವುದು ಕಡಿಮೆ ಇತ್ತು. ಮಾಡುವವನ ಮೈ ಕಾಣದಿದ್ದರೆ ಅವನ ಉದ್ದೇಶವೂ ಕಾಣುವುದಿಲ್ಲ. ನಿಧಾನಗತಿಯಲ್ಲಿ ತೋರಿಸಿದರೆ ಇದಕ್ಕೆ ತಿರುಗುಮುರುಗು, ಎಲ್ಲವೂ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಇದನ್ನು 2016ರ ಇನ್ನೊಂದು ಅಧ್ಯಯನ ತೋರಿಸಿತ್ತು.

ಮೆಂಫಿಸ್‌ನಲ್ಲಿ 2023ರ ಜನವರಿ 7ರಂದು ನಡೆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಟೈರ್ ನಿಕೋಲ್ಸ್ ಅವರನ್ನು ಕಾರಿನಿಂದ ಎಳೆದ ಪೊಲೀಸರು ಪೆಪ್ಪರ್ ಸ್ಪ್ರೇ ಬಳಸಿದರು. ಅವರು ಓಡಿದಾಗ ಟೇಸರ್ ಹಾರಿಸಿದರು. ಆಮೇಲೆ ಇನ್ನೊಂದು ಬೀದಿಯಲ್ಲಿ ಹಿಡಿದು ಹೊಡೆದರು. ಅಲ್ಲಿನ ಬಾಡಿ ಕ್ಯಾಮೆರಾಗಳಲ್ಲಿ ಕಾಣುವುದು ಬಹುಮಟ್ಟಿಗೆ ಕತ್ತಲು, ಎಳೆದಾಟ, ಮಸುಕು. ಕೇಳುವುದು 'ಕೈ ಕೊಡು, ಕೈ ಕೊಡು' ಎಂಬ ಕೂಗು. ಕಣ್ಣುಮುಚ್ಚಿ ಕೇಳಿದರೆ, ಹಟಮಾರಿ ಆರೋಪಿಯೊಬ್ಬನನ್ನು ಬಗ್ಗಿಸಲು ಹೆಣಗುವ ಪೊಲೀಸರೇ ಮನಸ್ಸಿಗೆ ಬರುತ್ತಾರೆ. ಅದೇ ಬೀದಿಯ ಕಂಬದ ಮೇಲಿನ ಕ್ಯಾಮೆರಾದಲ್ಲಿ ಧ್ವನಿಯಿಲ್ಲ. ಅದರಲ್ಲಿ ಇಬ್ಬರು ನಿಕೋಲ್ಸ್ ಅವರ ಕೈಗಳನ್ನು ಹಿಡಿದುಕೊಂಡಿದ್ದಾರೆ, ಇನ್ನೊಬ್ಬ ಮುಖಕ್ಕೆ ಗುದ್ದುತ್ತಿದ್ದಾನೆ. ಮೂರು ದಿನಗಳಲ್ಲಿ ಅವರು ತೀರಿಹೋದರು.

ಟೇಸರ್ ಮಾರುವ ಕಂಪನಿ 2017ರಲ್ಲಿ ಆ್ಯಕ್ಸಾನ್ ಎಂದು ಹೆಸರು ಬದಲಿಸಿಕೊಂಡು, ಅಮೆರಿಕದ ಎಲ್ಲ ಪೊಲೀಸ್ ಇಲಾಖೆಗಳಿಗೂ ಒಂದು ವರ್ಷ ಬಾಡಿ ಕ್ಯಾಮೆರಾ ಉಚಿತ ಎಂದು ಪ್ರಕಟಿಸಿತು. ಕ್ಯಾಮೆರಾಕ್ಕಿಂತ ಲಾಭದ ವ್ಯಾಪಾರ ಅದರ ವಿಡಿಯೊಗಳನ್ನು ವರ್ಷಾನುಗಟ್ಟಲೆ ಕಾಪಿಡುವ ಚಂದಾದಲ್ಲಿದೆ. ಹೊಡೆಯುವ ಸಾಧನ, ನೋಡುವ ಸಾಧನ, ನೋಡಿದ್ದನ್ನು ಇಡುವ ಉಗ್ರಾಣ ಮೂರೂ ಒಂದೇ ಅಂಗಡಿಯವು. 2024ರಲ್ಲಿ ಅದಕ್ಕೆ ನಾಲ್ಕನೆಯದು ಸೇರಿತು. 'ಡ್ರಾಫ್ಟ್ ಒನ್' ಎಂಬ ಕೃತಕ ಬುದ್ಧಿಮತ್ತೆಯ ಸಾಧನ ಪೊಲೀಸ್ ವರದಿಯ ಕರಡನ್ನು ತಾನೇ ಬರೆದುಕೊಡುತ್ತದೆ, ಅಧಿಕಾರಿ ಓದಿ ತಿದ್ದಿ ಸಹಿ ಹಾಕಬೇಕು. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ಪ್ರಾಸಿಕ್ಯೂಟರ್ ಕಚೇರಿ ಅದೇ ವರ್ಷ, ಇಂಥ ವರದಿಗಳನ್ನು ಸದ್ಯಕ್ಕೆ ಸ್ವೀಕರಿಸುವುದಿಲ್ಲ ಎಂದಿತು. ಈ ಸಾಧನ ಕರಡು ಬರೆಯಲು ಬಾಡಿ ಕ್ಯಾಮೆರಾದ ಚಿತ್ರವನ್ನು ನೋಡುವುದಿಲ್ಲ, ಧ್ವನಿಯನ್ನಷ್ಟೇ ಕೇಳುತ್ತದೆ. ಮೆಂಫಿಸ್‌ನ ಆ ರಾತ್ರಿಯ ಧ್ವನಿಯನ್ನು ಅದಕ್ಕೆ ಕೊಟ್ಟಿದ್ದರೆ, 'ಕೈ ಕೊಡಲು ಆರೋಪಿ ಪದೇ ಪದೇ ನಿರಾಕರಿಸಿದ' ಎಂಬ ಸಾಲು ಕರಡಿನಲ್ಲಿ ಬರುವುದಕ್ಕೆ ಅಡ್ಡಿಯೇನಿತ್ತು?